ಬ್ಯಾಚಿನಲ್ಲಿ ತೀರಿಕೊಂಡವರ ಬಗ್ಗೆ ಬರೆಯುವುದು ಹೇಗೆ?

ಡಿಗ್ರಿ ಮುಗಿಸಿ ನಲವತ್ತು ವರ್ಷವಾದ ಬ್ಯಾಚು ಮತ್ತೆ ಸೇರಿದಾಗ ಒಂದು ಕೆಲಸ ತಪ್ಪದೆ ನಡೆಯುತ್ತದೆ. ಒಬ್ಬರು ಚೀಟಿ ಹಿಡಿದು ತೀರಿಕೊಂಡವರ ಹೆಸರು ಓದುತ್ತಾರೆ. ಎಲ್ಲರೂ ಎದ್ದು ನಿಂತು ಒಂದು ನಿಮಿಷ ಮೌನ. ಆಮೇಲೆ ಊಟ. ನಮ್ಮಲ್ಲೂ ಹಾಗೇ ಆಯಿತು. ಹನ್ನೊಂದು ಜನರಿಗೆ ಒಂದೇ ನಿಮಿಷವಾ ಅನ್ನಿಸಿ, ನಾವು ಮೂವರು ಸೇರಿ ಅವರ ಬಗ್ಗೆ ಒಂದು ಸಣ್ಣ ಪುಸ್ತಕ ಮಾಡಿದೆವು. ಎಡವಿ ಕಲಿತದ್ದನ್ನು ಹೇಳುತ್ತೇನೆ.

ಮೊದಲ ಕೆಲಸ ಪಟ್ಟಿ. ಕ್ಲಾಸಿನ ಗ್ರೂಪ್ ಫೋಟೊ ಹುಡುಕಿ. ಯಾರದ್ದಾದರೂ ಅಟ್ಟದ ಮೇಲೆ ಇದ್ದೇ ಇರುತ್ತದೆ. ಮೊಬೈಲಿನಲ್ಲಿ ಫೋಟೊ ಹೊಡೆದು ದೊಡ್ಡದಾಗಿ ಪ್ರಿಂಟ್ ಹಾಕಿಸಿ, ಪ್ರತಿ ಮುಖದ ಮೇಲೂ ನಂಬರ್ ಬರೆಯಿರಿ. ಫೇಲಾದವರು, ಎರಡನೇ ವರ್ಷದಲ್ಲೇ ಕಾಲೇಜು ಬಿಟ್ಟು ಹೋದವರು ಕೂಡ ಪಟ್ಟಿಯಲ್ಲಿರಲಿ. ಡಿಗ್ರಿ ಸಿಕ್ಕಲಿಲ್ಲ ಅಂತ ಅವರು ನಮ್ಮ ಜೊತೆ ಕ್ಯಾಂಟೀನಿನಲ್ಲಿ ಕೂತದ್ದು ಸುಳ್ಳಾಗುವುದಿಲ್ಲ, ಅಲ್ವಾ?

ಹೆಸರಿನ ವಿಷಯಕ್ಕೆ ಬಂದರೆ ತಲೆನೋವು ಶುರು. ಮೈಸೂರಿನ ಮಹಾರಾಜ ಕಾಲೇಜಿನ ಹಳೆ ವಿದ್ಯಾರ್ಥಿಗಳಲ್ಲಿ ಕುವೆಂಪು ಬೇಕೆಂದರೆ ಕೆ.ವಿ. ಪುಟ್ಟಪ್ಪ ಅಂತ ಹುಡುಕಬೇಕು. ಕೆ ಅಂದರೆ ಊರು ಕುಪ್ಪಳಿ, ವಿ ಅಂದರೆ ತಂದೆ ವೆಂಕಟಪ್ಪ. ಅದೇ ಕಾಲೇಜಿನ ಆರ್.ಕೆ. ನಾರಾಯಣ್ ಅವರ ಪೂರ್ತಿ ಹೆಸರು ನಾರಾಯಣಸ್ವಾಮಿ. ಹೆಣ್ಣುಮಕ್ಕಳ ಹೆಸರು ಇನ್ನೂ ಕಷ್ಟ. ಕರ್ನಾಟಕದ ಮೊದಲ ಮಹಿಳಾ ಎಂಜಿನಿಯರ್ ಎನ್ನಿಸಿಕೊಂಡ ರಾಜೇಶ್ವರಿ ಚಟರ್ಜಿ ಓದಿದ್ದು ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ. ಆದರೆ ಚಟರ್ಜಿ ಎನ್ನುವುದು ಮದುವೆಯಾದ ಮೇಲೆ ಬಂದ ಹೆಸರು. ಆದ್ದರಿಂದ ಪ್ರತಿಯೊಬ್ಬರಿಗೂ ಮೂರು ಹೆಸರು ಬರೆದುಕೊಳ್ಳಿ: ಹಾಜರಿ ಪುಸ್ತಕದ್ದು, ಆಮೇಲೆ ಬದಲಾದದ್ದು, ಹಾಸ್ಟೆಲಿನಲ್ಲಿ ಕರೆಯುತ್ತಿದ್ದದ್ದು. ಕೊನೆಯದನ್ನು ಅಚ್ಚು ಹಾಕುವ ಮುಂಚೆ ಮಾತ್ರ ಮನೆಯವರನ್ನು ಕೇಳಿ!

ಹಳೆಯ ತಲೆಮಾರಿನವರನ್ನು ಹುಡುಕುತ್ತಿದ್ದರೆ, ಡಿಗ್ರಿ ಕೊಟ್ಟದ್ದು ಯಾವ ವಿಶ್ವವಿದ್ಯಾಲಯ ಅಂತಲೂ ನೋಡಬೇಕು. ಮೈಸೂರು ವಿಶ್ವವಿದ್ಯಾಲಯ ಶುರುವಾದದ್ದು 1916ರಲ್ಲಿ. ಅದಕ್ಕೂ ಮುಂಚೆ ಮಹಾರಾಜ ಮತ್ತು ಸೆಂಟ್ರಲ್ ಕಾಲೇಜಿನವರು ಮದ್ರಾಸಿನ ಪದವೀಧರರು. ಬೆಂಗಳೂರು ವಿಶ್ವವಿದ್ಯಾಲಯ ಬಂದದ್ದು 1964ರಲ್ಲಿ. ಧಾರವಾಡದ ಕರ್ನಾಟಕ ಕಾಲೇಜು 1917ರದ್ದು, ಆದರೆ ಕರ್ನಾಟಕ ವಿಶ್ವವಿದ್ಯಾಲಯ 1949ರದ್ದು. ನಡುವಿನ ವರ್ಷಗಳವರ ಪದವಿ ಮುಂಬಯಿಯದು. ತಪ್ಪು ಕಚೇರಿಗೆ ಅರ್ಜಿ ಕೊಟ್ಟರೆ ತಿಂಗಳುಗಟ್ಟಲೆ ಸುಮ್ನೆ ಕಾಯಬೇಕಾಗುತ್ತದೆ.

ಈಗ ಜಾಸ್ತಿ ಎಚ್ಚರ ಬೇಕಾದ ಹೆಜ್ಜೆ. ಸಾವಿನ ಸುದ್ದಿಯನ್ನು ಎರಡು ಕಡೆಯಿಂದ ಖಾತ್ರಿ ಮಾಡಿಕೊಳ್ಳಿ. "ಹೋಗ್ಬಿಟ್ನಂತೆ" ಎನ್ನುವ ಮಾತು ಲೆಕ್ಕಕ್ಕಿಲ್ಲ. ನಮ್ಮ ಬ್ಯಾಚಿನಲ್ಲಿ ಒಂದೇ ಇನಿಷಿಯಲ್ಲಿನ ಇಬ್ಬರಿದ್ದರು. ಬದುಕಿರುವವನನ್ನು ನಾನು ಪಟ್ಟಿಗೆ ಸೇರಿಸಿದೆ. ಅವನೇ ಫೋನ್ ಮಾಡಿ, "ಏನಪ್ಪಾ, ನನ್ನ ತಿಥಿ ಊಟ ಯಾವತ್ತು?" ಅಂದ. ನಕ್ಕ, ನನ್ನ ಪುಣ್ಯ. ದಿನಾಂಕ ತಿಳಿಯಲು ಮರಣ ಪತ್ರ ಕೇಳಬೇಡಿ, ಅದು ಕಚೇರಿಯವರ ರೀತಿ. ವೈಕುಂಠ ಸಮಾರಾಧನೆಯದೋ ಶಿವಗಣಾರಾಧನೆಯದೋ ಕಾರ್ಡು ಮನೆಯಲ್ಲಿ ಇಟ್ಟಿರುತ್ತಾರೆ. ಅದರಲ್ಲಿ ತಾರೀಖು ಇರುತ್ತದೆ.

ಮನೆಯವರ ಹತ್ತಿರ ಮಾತಾಡಲು ಫೋನಿಗಿಂತ ಹೋಗಿ ಬರುವುದೇ ವಾಸಿ. ತಿಥಿಯ ಆಸುಪಾಸಿನಲ್ಲಿ ಬೇಡ. "ನಿಮ್ಮ ಯಜಮಾನ್ರ ಸಾಧನೆ ಏನು?" ಅಂತ ಕೇಳಿದರೆ ಬಡ್ತಿ ಮತ್ತು ವರ್ಗಾವಣೆಯ ಪಟ್ಟಿ ಬರುತ್ತದೆ, ಅಷ್ಟೇ. ನಾನು ಒಬ್ಬ ಗೆಳೆಯನ ಹೆಂಡತಿಯನ್ನು, "ಅಕ್ಕಾ, ಭಾನುವಾರ ಬೆಳಿಗ್ಗೆ ಅವನು ಏನು ಮಾಡ್ತಿದ್ದ?" ಎಂದು ಕೇಳಿದೆ. ಆಕೆ ಸ್ವಲ್ಪ ಹೊತ್ತು ಸುಮ್ಮನಿದ್ದು, "ರೇಡಿಯೊ ಬಿಚ್ಚೋರು, ಸೋಮವಾರದವರೆಗೂ ಜೋಡಿಸ್ತಿರ್ಲಿಲ್ಲ" ಅಂದರು. ಆಮೇಲೆ ಒಂದು ಗಂಟೆ ಮಾತಾಡಿದರು. ಅವನು ಬ್ಯಾಂಕಿನಲ್ಲಿ ಮೂವತ್ತು ವರ್ಷ ಇದ್ದ. ಅದಕ್ಕೆ ನಾವು ಕೊಟ್ಟದ್ದು ಒಂದೇ ಸಾಲು. ಸಾವಿನ ಕಾರಣ ಮಾತ್ರ ನೀವಾಗಿ ಕೇಳಬೇಡಿ. ಹೇಳಿದರೂ, "ಇದನ್ನ ಹಾಕಬಹುದಾ?" ಎಂದು ಮತ್ತೊಮ್ಮೆ ಕೇಳಿ.

ಬರೆಯುವಾಗ ಒಬ್ಬರಿಗೆ ನೂರೈವತ್ತರಿಂದ ಇನ್ನೂರು ಪದ ಸಾಕು. "ಸರಳ ಸಜ್ಜನಿಕೆಯ", "ಮೃದು ಸ್ವಭಾವದ", "ಅಪಾರ ಬಂಧುಬಳಗವನ್ನು ಅಗಲಿದ್ದಾರೆ" ಎಂಬ ಮಾತುಗಳನ್ನು ಕಂಡಲ್ಲಿ ಹೊಡೆದು ಹಾಕಿ. ಇವನ್ನು ಯಾರ ಹೆಸರಿನ ಕೆಳಗೆ ಇಟ್ಟರೂ ಸರಿಹೋಗುತ್ತವೆ, ಅದೇ ಇವುಗಳ ತೊಂದರೆ. ಸಾಲ ಇಸ್ಕೊಂಡು ವಾಪಸ್ ಕೊಡದವನನ್ನು ಕರ್ಣ ಅಂತ ಹೊಗಳುವುದೂ ಬೇಡ, ಸಾಲದ ಕಥೆಯೂ ಬೇಡ. ಅವನು ಚೆನ್ನಾಗಿ ಹಾಡುತ್ತಿದ್ದ ತಾನೇ, ಅದನ್ನು ಬರೆಯಿರಿ.

ಫೋಟೊಗೆ ಹಾರ ಹಾಕಿದ್ದು ಬೇಡ. ಕಾಲೇಜಿನ ದಿನದ್ದೊಂದು, ಐವತ್ತರ ಆಚೆಯದೊಂದು ಕೇಳಿ ತನ್ನಿ. ಮುದ್ರಣಕ್ಕೆ 300 ಡಿಪಿಐ (ಒಂದು ಇಂಚಿಗೆ ಎಷ್ಟು ಚುಕ್ಕಿ ಎನ್ನುವ ಲೆಕ್ಕ) ಸ್ಕ್ಯಾನ್ ಬೇಕು. ಪಾಸ್‌ಪೋರ್ಟ್ ಸೈಜಿನದನ್ನು ದೊಡ್ಡದು ಮಾಡುವುದಿದ್ದರೆ 600ರಲ್ಲಿ ಮಾಡಿಸಿ. ಚೌಕಟ್ಟಿನಿಂದ ಹೊರಗೆ ತೆಗೆಯಲು ಮನೆಯವರಿಗೆ ಇಷ್ಟವಿಲ್ಲದಿದ್ದರೆ ಕಿಟಕಿಯ ಬೆಳಕಿನಲ್ಲಿ, ಫ್ಲ್ಯಾಶ್ ಇಲ್ಲದೆ, ಗಾಜು ಹೊಳೆಯದ ಹಾಗೆ ಮೊಬೈಲಿನಲ್ಲಿ ತೆಗೆಯಿರಿ. ಇಸ್ಕೊಂಡ ಪ್ರತಿ ಫೋಟೊದ ಹಿಂದೆ ಪೆನ್ಸಿಲಿನಲ್ಲಿ ಮನೆಯವರ ಹೆಸರಿರಲಿ. ಪೆನ್ನಿನಲ್ಲಿ ಬರೆದರೆ ಶಾಯಿ ಮುಂದಕ್ಕೆ ಇಳಿಯುತ್ತದೆ.

ಅಚ್ಚಿಗೆ ಕೊಡುವ ಮುಂಚೆ ಕರಡನ್ನು ಮನೆಯವರಿಗೆ ಓದಿಸಿ. ನಮ್ಮ ರೇಡಿಯೊ ಗೆಳೆಯನ ಮಗಳು ಒಂದೇ ಒಂದು ತಿದ್ದುಪಡಿ ಹೇಳಿದಳು: "ಸೋಮವಾರ ಅಲ್ಲ ಅಂಕಲ್, ಬುಧವಾರದವರೆಗೂ." ತಿದ್ದಿದೆವು. ಪುಸ್ತಕ ಬಂದ ಮೇಲೆ ಪ್ರತಿ ಮನೆಗೆ ಎರಡು ಪ್ರತಿ, ಕಾಲೇಜು ಲೈಬ್ರರಿಗೆ ಎರಡು ಕೊಟ್ಟೆವು. ಇಸ್ಕೊಂಡಿದ್ದ ಫೋಟೊಗಳನ್ನೂ ಅದೇ ದಿನ ವಾಪಸ್ ಮುಟ್ಟಿಸಿದೆವು.