ಬಳ್ಳಾರಿ ಧೂಳಲ್ಲಿ ಬಿಳಿ ಫೋನ್: ಆರಿಸೋದು ಹೇಗೆ, ಕಾಪಾಡೋದು ಹೇಗೆ

ಬಿಳಿ ಫೋನ್ ಬೇಕು ಅಂತ ಬಂದವರಿಗೆ ನಾನು ಮೊದಲು ಬಜೆಟ್ ಕೇಳುವುದಿಲ್ಲ. ಏನು ಕೆಲಸ ಮಾಡ್ತೀರಿ, ಫೋನ್ ಎಲ್ಲಿ ಇಟ್ಕೊಳ್ತೀರಿ ಅಂತ ಕೇಳುತ್ತೇನೆ. ರಾಯಲ್ ಸರ್ಕಲ್ ಹತ್ತಿರ ನನ್ನದು ಕವರ್, ಟೆಂಪರ್ ಗ್ಲಾಸ್, ಸಣ್ಣಪುಟ್ಟ ರಿಪೇರಿಯ ಅಂಗಡಿ. ಕೌಂಟರ್ ಮೇಲೆ ಫೋನ್ ಇಟ್ಟ ಕೂಡಲೇ ಎಲ್ಲಿಯವರು ಅಂತ ಅಂದಾಜು ಸಿಗುತ್ತದೆ. ಸಂಡೂರು ಕಡೆ ಅದಿರು ಲಾರಿ ಓಡಿಸುವವರ ಫೋನಿನ ಅಂಚಲ್ಲಿ ಕೆಂಪು ಧೂಳು. ಸಿರುಗುಪ್ಪದ ಗದ್ದೆಯವರದ್ದಾದರೆ ಸ್ಪೀಕರ್ ತೂತಿನಲ್ಲಿ ಎರೆಮಣ್ಣು. ಕೌಲ್ ಬಜಾರಿನಲ್ಲಿ ಜೀನ್ಸ್ ಹೊಲಿಯುವವರ ಕವರ್ ಅಂತೂ ನೀಲಿ.

ಹಾಗಂತ ಬಿಳಿ ಬೇಡ ಅಂತ ನಾನು ಹೇಳುವುದಿಲ್ಲ. ಬಿಳಿ ಯಾವುದರ ಮೇಲಿದೆ ಅಂತ ನೋಡಿ ತಗೊಳ್ಳಿ ಅಂತೀನಿ.

ಹಿಂಭಾಗ ಗಾಜಿನದಾದರೆ ಚಿಂತೆ ಕಡಿಮೆ. ಅಲ್ಲಿ ಬಿಳಿ ಬಣ್ಣ ಗಾಜಿನ ಒಳಬದಿಗೆ ಇರುತ್ತದೆ. ಕಲೆ ಏನಿದ್ದರೂ ಗಾಜಿನ ಮೇಲೆ, ಒರೆಸಿದರೆ ಹೋಯಿತು. ಬೆರಳಚ್ಚು, ಸಣ್ಣ ಗೀರು ಕಪ್ಪು ಗಾಜಿನ ಮೇಲೆ ಎದ್ದು ಕಾಣುವಷ್ಟು ಬಿಳಿ ಮೇಲೆ ಕಾಣುವುದಿಲ್ಲ. ಮ್ಯಾಟ್ ಗಾಜು ಸಿಕ್ಕರೆ ಇನ್ನೂ ಒಳ್ಳೆಯದು. ಪ್ಲಾಸ್ಟಿಕ್ ಆದರೆ ಕಥೆ ಬೇರೆ. ಎಷ್ಟೋ ಫೋನುಗಳಲ್ಲಿ ಬಣ್ಣ ಮೇಲಿನ ಪದರದಲ್ಲೇ ಇರುತ್ತದೆ. ಮೂಲೆಗಳು ಸವೆದರೆ ಒಳಗಿನ ಪ್ಲಾಸ್ಟಿಕ್ ಬೇರೆ ಬಣ್ಣದಲ್ಲಿ ಇಣುಕುತ್ತದೆ. ಕಡಿಮೆ ಬೆಲೆಯ ಫೋನುಗಳಲ್ಲಿ ಗಾಜಿನ ಹಾಗೆ ಹೊಳೆಯುವ ಪ್ಲಾಸ್ಟಿಕ್ಕೇ ಜಾಸ್ತಿ. ಅಂಗಡಿಯಲ್ಲಿ ಡೆಮೊ ಪೀಸ್ ಇದ್ದರೆ ಕವರ್ ತೆಗೆಸಿ, ಕೆನ್ನೆಗೆ ಇಟ್ಟು ನೋಡಿ. ಗಾಜು ತಣ್ಣಗೆ ತಾಗುತ್ತದೆ, ಉಗುರಲ್ಲಿ ಬಡಿದರೆ ಟಕ್ ಅಂತದೆ. ಸೆರಾಮಿಕ್ ಬಿಳಿ ಅಂತಲೂ ಒಂದಿದೆ. 2019ರ ಗ್ಯಾಲಕ್ಸಿ ಎಸ್10 ಪ್ಲಸ್‌ನಲ್ಲಿ ಬಂದಿತ್ತು. ಗೀರು ಬೀಳುವುದು ಬಹಳ ಕಷ್ಟ, ಆದರೆ ಕೈಜಾರಿ ಬಿದ್ದರೆ ಒಡೆಯಬಹುದು. ನಮ್ಮ ಕೌಂಟರಿಗೆ ಅಂಥವು ಬರುವುದು ಅಪರೂಪ.

ಇನ್ನು ಸುತ್ತಲಿನ ಫ್ರೇಮ್. ಬಿಳಿ ಫೋನಿಗೆ ಬೆಳ್ಳಿ ಬಣ್ಣದ ಫ್ರೇಮ್ ಯಾಕೆ ಅಂತ ಬಹಳ ಜನ ಕೇಳುತ್ತಾರೆ. ಅಲ್ಯೂಮಿನಿಯಂಗೆ ಬಣ್ಣ ಕೊಡುವಾಗ ಮೊದಲು ಅದರ ಮೇಲ್ಮೈಯಲ್ಲಿ ಕಣ್ಣಿಗೆ ಕಾಣದ ತೂತುಗಳಿರುವ ಪದರ ಬೆಳೆಸುತ್ತಾರೆ. ಬಣ್ಣ ಆ ತೂತುಗಳ ಒಳಗೆ ಇಳಿಯುತ್ತದೆ. ಇದಕ್ಕೆ ಅನೊಡೈಸಿಂಗ್ ಅನ್ನುತ್ತಾರೆ. ಬಿಳಿಗೆ ಬಳಸುವ ಟೈಟಾನಿಯಂ ಡೈಆಕ್ಸೈಡ್ ಕಣ ಆ ತೂತಿಗಿಂತ ದೊಡ್ಡದು, ಒಳಗೆ ಹೋಗುವುದೇ ಇಲ್ಲ. ಹಾಗಾಗಿ ಹಾಲಿನಂಥ ಬಿಳಿ ಅಲ್ಯೂಮಿನಿಯಂ ಫ್ರೇಮ್ ಕಂಡರೆ ಅದು ಮೇಲೆ ಬಳಿದ ಪೇಂಟ್ ಇರಬೇಕು, ಎದ್ದು ಬರಬಹುದು. ಬೆಳ್ಳಿ ಫ್ರೇಮೇ ವಾಸಿ. ಚಾರ್ಜರ್ ಪಿನ್ ತಾಗಿ ಗೀರಿದರೂ ಒಳಗಿನ ಲೋಹದ್ದು ಅದೇ ಬಣ್ಣ. ಕಪ್ಪು ಫ್ರೇಮಿನ ಫೋನುಗಳಲ್ಲಿ ಚಾರ್ಜಿಂಗ್ ತೂತಿನ ಸುತ್ತ ಬೆಳ್ಳಗೆ ಉಜ್ಜಿಹೋಗಿರುವುದನ್ನು ನೀವೂ ನೋಡಿರುತ್ತೀರಿ.

ಬಿಳಿ ಮಾಡುವುದು ಕಂಪನಿಯವರಿಗೂ ಸುಲಭ ಅಲ್ಲ. ಐಫೋನ್ 4 ತೋರಿಸಿದ್ದು 2010ರ ಜೂನ್‌ನಲ್ಲಿ. ಕಪ್ಪು ಆಗಲೇ ಬಂತು, ಬಿಳಿ ಅಂಗಡಿಗೆ ಬಂದಿದ್ದು 2011ರ ಏಪ್ರಿಲ್ ಕೊನೆಗೆ. ಬಿಳಿ ಕಾಲ ಕಳೆದಂತೆ ಹೇಗೆ ಉಳಿಯುತ್ತದೆ, ಸೆನ್ಸರ್‌ಗಳ ಜೊತೆ ಹೇಗೆ ಹೊಂದುತ್ತದೆ ಅನ್ನುವುದೇ ತೊಡಕಾಗಿತ್ತು ಅಂತ ಆ್ಯಪಲ್‌ನ ಫಿಲ್ ಶಿಲ್ಲರ್ ಆಮೇಲೆ ಹೇಳಿದರು. ಆಗೆಲ್ಲ ಮುಂಭಾಗದ ಅಂಚೂ ಬಿಳಿ ಇರುತ್ತಿತ್ತು, ಕ್ಯಾಮೆರಾ, ಸೆನ್ಸರ್ ಎಲ್ಲ ಕಪ್ಪು ಚುಕ್ಕೆಗಳ ಹಾಗೆ ಕಾಣುತ್ತಿದ್ದವು. ಈಗ ಮುಂಭಾಗ ಎಲ್ಲದಕ್ಕೂ ಕಪ್ಪೇ. ನೀವು ಕೊಳ್ಳುತ್ತಿರುವುದು ಬರೀ ಬೆನ್ನಿನ ಬಿಳಿ.

ಅದಕ್ಕೇ ಬಿಸಿಲಿಗೆ ಬಿಳಿ ತಂಪು ಅನ್ನುವ ಲೆಕ್ಕಕ್ಕೆ ಹಣ ಕೊಡಬೇಡಿ. ಸುತ್ತಲಿನ ಶಾಖ 35 ಡಿಗ್ರಿ ಒಳಗಿರಲಿ ಅಂತ ಐಫೋನ್‌ಗೆ ಆ್ಯಪಲ್ಲೇ ಹೇಳುತ್ತದೆ. ನಮ್ಮಲ್ಲಿ ಬೇಸಿಗೆ 40 ದಾಟುತ್ತದೆ. ಬೈಕಿನ ಸ್ಟ್ಯಾಂಡಿನಲ್ಲಿ ಬಿಸಿಲಿಗೆ ಮುಖ ಮಾಡಿರುವುದು ಕಪ್ಪು ಸ್ಕ್ರೀನು, ಬಿಳಿ ಬೆನ್ನಲ್ಲ.

ನಮ್ಮ ಕಡೆ ಬಿಳಿ ಫೋನನ್ನು ನಿಜವಾಗಿ ಹಾಳುಗೆಡವುವುದು ಕವರ್. ಮೆತ್ತನೆಯ ಪಾರದರ್ಶಕ ಕವರ್ ಟಿಪಿಯು ಅನ್ನುವ ಪ್ಲಾಸ್ಟಿಕ್. ಬಿಸಿಲಿನ ಯುವಿ ಕಿರಣ ಮತ್ತು ಶಾಖಕ್ಕೆ ಅದು ಹಳದಿ ಆಗುತ್ತದೆ. ಅದು ಕೊಳೆ ಅಲ್ಲ, ಪ್ಲಾಸ್ಟಿಕ್ಕೇ ಬದಲಾಗಿರುತ್ತದೆ. "ಅಕ್ಕ, ಪೇಸ್ಟ್ ಹಚ್ಚಿ ತಿಕ್ಕಿದ್ರೆ ಹೋಗ್ತೈತಾ?" ಅಂತ ವಾರಕ್ಕೊಬ್ಬರಾದರೂ ಕೇಳುತ್ತಾರೆ. ಹೋಗಲ್ಲ. ನಿಂಬೆಹಣ್ಣು, ಅಡುಗೆ ಸೋಡಾ ಯಾವುದಕ್ಕೂ ಹೋಗಲ್ಲ. ಕಪ್ಪು ಫೋನಿನ ಮೇಲೆ ಆ ಹಳದಿ ಅಷ್ಟು ಗೊತ್ತಾಗುವುದಿಲ್ಲ, ಬಿಳಿ ಮೇಲೆ ಕಣ್ಣಿಗೆ ರಾಚುತ್ತದೆ. ಬೆನ್ನು ಗಟ್ಟಿ ಪ್ಲಾಸ್ಟಿಕ್, ಅಂಚು ಮಾತ್ರ ಮೆತ್ತಗೆ ಇರುವ ಕವರ್ ತಗೊಳ್ಳಿ, ಬೆನ್ನು ನಿಧಾನಕ್ಕೆ ಹಳದಿ ಆಗುತ್ತದೆ. ಹೊಗೆ ಬಣ್ಣದ ಅರೆಪಾರದರ್ಶಕ ಕವರ್ ಇನ್ನೂ ಚೆನ್ನ.

ಬಿಳಿ ಸಿಲಿಕೋನ್ ಕವರ್ ಮಾತ್ರ ಈ ಊರಲ್ಲಿ ಬೇಡವೇ ಬೇಡ. ನಮ್ಮ ಮನೆಯವರು ಜೀನ್ಸ್ ವಾಷಿಂಗ್ ಯೂನಿಟ್‌ನಲ್ಲಿದ್ದಾರೆ. ಅವರು ಹೇಳುವುದು, ಇಂಡಿಗೊ ಬಣ್ಣ ನೂಲಿನ ಒಳತನಕ ಇಳಿಯುವುದಿಲ್ಲ, ಮೇಲೆ ಮೇಲೆ ಕೂತಿರುತ್ತದೆ, ಉಜ್ಜಿದರೆ ಬಿಡುತ್ತದೆ ಅಂತ. ಜೀನ್ಸ್ ಮಾಸಿ ಚೆಂದ ಕಾಣುವುದೂ ಅದಕ್ಕೇ. ಬಿಟ್ಟ ಬಣ್ಣ ಹೋಗಿ ಕೂರುವುದು ಜೇಬಿನಲ್ಲಿರುವ ಕವರಿನ ಮೇಲೆ. ಹೊಸ ಪ್ಯಾಂಟನ್ನು ನಾಲ್ಕು ಸಲ ಒಗೆಯುವ ತನಕ ಫೋನ್ ಶರ್ಟ್ ಜೇಬಿನಲ್ಲಿರಲಿ. ಹೊಲಿಗೆ ಕೆಲಸದವರು ಸುಮ್ನೆ ಕಡುನೀಲಿ ಕವರ್ ಹಾಕಿಕೊಳ್ಳಿ.

ಅದಿರು ಧೂಳಿಗೆ ಬೇರೆ ಉಪಾಯ. ಅದು ಗಟ್ಟಿ ಕಣ. ಒಣ ಬಟ್ಟೆಯಲ್ಲಿ ತಿಕ್ಕಿದರೆ ಪ್ಲಾಸ್ಟಿಕ್ ಬೆನ್ನಿಗೆ ಉಪ್ಪುಕಾಗದ ಉಜ್ಜಿದ ಹಾಗೆ. ಕವರ್ ಒಳಗೆ ಸೇರಿದ ಧೂಳಂತೂ ದಿನವಿಡೀ ತಿಕ್ಕುತ್ತಲೇ ಇರುತ್ತದೆ. ವಾರಕ್ಕೊಮ್ಮೆ ಫೋನ್ ಸ್ವಿಚ್ ಆಫ್ ಮಾಡಿ ಕವರ್ ಬಿಚ್ಚಿ. ಮೆತ್ತನೆಯ ಹಲ್ಲುಜ್ಜುವ ಬ್ರಷ್‌ನಿಂದ ಅಂಚು, ಸ್ಪೀಕರ್ ಜಾಲರಿ, ಕ್ಯಾಮೆರಾ ಸುತ್ತ ಒಣಗಿದ್ದಂತೆಯೇ ಝಾಡಿಸಿ. ಬಾಯಿಂದ ಊದಬೇಡಿ, ಎಂಜಲು ತಾಗಿ ಧೂಳು ಕೆಸರಾಗುತ್ತದೆ. ಆಮೇಲೆ 70 ಪರ್ಸೆಂಟ್ ಐಸೊಪ್ರೊಪೈಲ್ ಆಲ್ಕೋಹಾಲನ್ನು ಬಟ್ಟೆಗೆ ಸ್ವಲ್ಪ ಹಾಕಿ ಒರೆಸಿ, ಫೋನಿನ ಮೇಲೆ ಸುರಿಯಬೇಡಿ. ಥಿನ್ನರ್, ನೇಲ್ ಪಾಲಿಶ್ ರಿಮೂವರ್, ಪೆಟ್ರೋಲ್ ಹತ್ತಿರಕ್ಕೂ ತರಬೇಡಿ.

ಹೊಸ ಫೋನ್ ಕೊಂಡವರು ಎಷ್ಟೋ ಜನ ನೇರ ಕನಕ ದುರ್ಗಮ್ಮನ ಗುಡಿಗೆ ಹೋಗುತ್ತಾರೆ. ಹೋಗಿ, ನಾನೂ ಹೋಗುತ್ತೇನೆ. ಅರಿಶಿನ ಕುಂಕುಮ ಮಾತ್ರ ಡಬ್ಬಿಗೆ ಹಚ್ಚಿ. ಕುಂಕುಮ ಚಾರ್ಜಿಂಗ್ ತೂತಿಗೆ ಇಳಿದರೆ ಮರುದಿನ ನನ್ನ ಹತ್ತಿರ ಬರಬೇಕಾಗುತ್ತದೆ. ಕವರಿಗೆ ಅರಿಶಿನ ಹತ್ತಿದರೆ ಕವರ್ ಮಾತ್ರ ಬಿಚ್ಚಿ ಸ್ವಲ್ಪ ಹೊತ್ತು ಬಿಸಿಲಿಗಿಡಿ. ಅರಿಶಿನದ ಬಣ್ಣ ಬಿಸಿಲಿಗೆ ತಾನೇ ಮಾಸುತ್ತದೆ. ಅಲ್ಲೇ ಮರೆತುಬಿಟ್ಟರೆ ಅದೇ ಬಿಸಿಲು ಕವರನ್ನು ಹಳದಿ ಮಾಡುತ್ತದೆ.

ಬಿದ್ದು ಬೆನ್ನು ಒಡೆದರೆ ಬ್ಯಾಕ್ ಪ್ಯಾನೆಲ್ ಬದಲಿಸಬೇಕು. ಕಪ್ಪಾದರೆ ಯಾವ ಪ್ಯಾನೆಲ್ ಹಾಕಿದರೂ ನಡೆಯುತ್ತದೆ. ಬಿಳಿಯಲ್ಲಿ ಡೂಪ್ಲಿಕೇಟ್ ಒಂದು ನೀಲಿ ಛಾಯೆ, ಇನ್ನೊಂದು ಕೆನೆ ಛಾಯೆ. ಐಫೋನ್ 13ರ ಸ್ಟಾರ್‌ಲೈಟ್ ಮೊದಲೇ ಸ್ವಲ್ಪ ಕೆನೆ ಬಣ್ಣ, ಅದಕ್ಕೆ ಅಚ್ಚಬಿಳಿ ಕೂರಿಸಿದರೆ ಫ್ರೇಮಿಗೆ ಹೊಂದುವುದಿಲ್ಲ. ನಮ್ಮಂಥ ಅಂಗಡಿಗಳ ಎಲ್‌ಇಡಿ ಬೆಳಕಲ್ಲಿ ಎಲ್ಲವೂ ಒಂದೇ ಥರ ಕಾಣುತ್ತವೆ. ಪ್ಯಾನೆಲ್ಲನ್ನೂ ಫೋನನ್ನೂ ಬಾಗಿಲ ಹೊರಗೆ ತಂದು, ಹಗಲು ಬೆಳಕಲ್ಲಿ ಒಂದು ಬಿಳಿ ಹಾಳೆಯ ಮೇಲೆ ಪಕ್ಕಪಕ್ಕ ಇಟ್ಟು ನೋಡಿ. ಗಮ್ ಹಾಕುವ ಮುಂಚೆಯೇ ನೋಡಿ, ಅಂಟಿಸಿದ ಪ್ಯಾನೆಲ್ ಯಾರೂ ವಾಪಸ್ ತಗೊಳ್ಳುವುದಿಲ್ಲ.