ವರ್ಷಕ್ಕೆ 2 ಲಕ್ಷದಲ್ಲಿ ನ್ಯಾನೊ ಸುರಕ್ಷತೆಯ ಪೋಸ್ಟ್‌ಡಾಕ್: ನನ್ನ ಅನುಭವ

ನ್ಯಾನೊ ಕಣಗಳ ಸುರಕ್ಷತೆಯ ಮೇಲೆ ಪೋಸ್ಟ್‌ಡಾಕ್ (ಪಿಎಚ್‌ಡಿ ನಂತರದ ಸಂಶೋಧನೆ) ಮಾಡಬೇಕಾದರೆ ಪ್ರಾಣಿಗೃಹ ಬೇಕು, ಕೋಶಗಳನ್ನು ಒಂದೊಂದಾಗಿ ಅಳೆಯುವ ಫ್ಲೋ ಸೈಟೋಮೀಟರ್ ಬೇಕು, ಹೊಸ ಕಣವೊಂದನ್ನಾದರೂ ತಯಾರಿಸಿರಬೇಕು ಎಂದು ನನಗೆ ಹೇಳದವರಿಲ್ಲ. ಇವು ಯಾವುವೂ ಇಲ್ಲದೆ ನನಗೆ ರಾಷ್ಟ್ರೀಯ ಪೋಸ್ಟ್‌ಡಾಕ್ಟರಲ್ ಫೆಲೋಶಿಪ್ ಸಿಕ್ಕಿತು, ಕೆಲಸವೂ ನಡೆಯಿತು. ನಾನು ಅರ್ಜಿ ಹಾಕಿದಾಗ, ಈಗ ಎಎನ್‌ಆರ್‌ಎಫ್‌ನಲ್ಲಿ (ರಾಷ್ಟ್ರೀಯ ಸಂಶೋಧನಾ ಪ್ರತಿಷ್ಠಾನ) ಸೇರಿಹೋಗಿರುವ ಕೇಂದ್ರ ಸರ್ಕಾರದ ಸಂಶೋಧನಾ ಅನುದಾನ ಸಂಸ್ಥೆ ಎಸ್‌ಇಆರ್‌ಬಿ ತಿಂಗಳಿಗೆ 55,000 ರೂಪಾಯಿ, ಮನೆ ಬಾಡಿಗೆ ಭತ್ಯೆ ಮತ್ತು ಸಂಶೋಧನೆಯ ಖರ್ಚಿಗೆ ವರ್ಷಕ್ಕೆ 2 ಲಕ್ಷ ರೂಪಾಯಿ ಕೊಡುತ್ತಿತ್ತು. ಆ 2 ಲಕ್ಷದಲ್ಲಿ ಸುರಕ್ಷತೆಯ ಕೆಲಸ ಸಾಧ್ಯವೇ ಇಲ್ಲ ಎಂದವರಿಗಾಗಿಯೇ ಇದನ್ನು ಬರೆಯುತ್ತಿದ್ದೇನೆ.

ಬೇರೊಂದು ಫೆಲೋಶಿಪ್‌ಗೆ ಅದಕ್ಕೂ ಮೊದಲು ನಾನು ಕಳುಹಿಸಿದ್ದ ಪ್ರಸ್ತಾವ ಎಲ್ಲರಂತೆಯೇ ಇತ್ತು: ಬೇವಿನ ಎಲೆಯ ಸಾರದಿಂದ ಬೆಳ್ಳಿಯ ಕಣ, ಅದರ ವಿಷತ್ವ ಪರೀಕ್ಷೆ. ಇಂಥ ಕಣಗಳು ಈಗಾಗಲೇ ಬೇಕಾದಷ್ಟಿವೆ ಎಂಬ ಒಂದು ಸಾಲಿನ ಷರಾದೊಡನೆ ಅದು ತಿರಸ್ಕೃತವಾಯಿತು. ಮುಂದಿನ ಪ್ರಸ್ತಾವದಲ್ಲಿ ಹೊಸ ಕಣದ ಮಾತೇ ಎತ್ತದೆ, ಕೋಶಗಳು ಬದುಕಿವೆಯೇ ಎಂದು ತಿಳಿಯಲು ನಾವೆಲ್ಲ ನಂಬಿರುವ ಬಣ್ಣದ ಅಳತೆಯನ್ನೇ ಪರೀಕ್ಷಿಸುತ್ತೇನೆ ಎಂದು ಬರೆದೆ. ಅದಕ್ಕೆ ಆಧಾರವಾಗಿ ಕೊಟ್ಟದ್ದು ಒಂದೇ ಒಂದು 96 ಬಾವಿಗಳ (ಸಣ್ಣ ಗುಳಿಗಳ) ಪ್ಲೇಟಿನ ಚಿತ್ರ. ಅದರಲ್ಲಿ ಜೀವಕೋಶಗಳೇ ಇರಲಿಲ್ಲ. ಬರೀ ಮಾಧ್ಯಮ (ಕೋಶಗಳನ್ನು ಬೆಳೆಸುವ ಪೋಷಕ ದ್ರವ), ಏರಿಕೆಯ ಪ್ರಮಾಣದಲ್ಲಿ ಗ್ರ್ಯಾಫೀನ್ ಆಕ್ಸೈಡ್ (ಇಂಗಾಲದ ಅತಿ ತೆಳು ಹಾಳೆಗಳ ಕಣ), ಮೇಲೆ ಎಂಟಿಟಿ, ಅಂದರೆ ಬದುಕಿರುವ ಕೋಶಗಳು ನೇರಳೆಗೆ ತಿರುಗಿಸುವ ಹಳದಿ ಬಣ್ಣ. 37 ಡಿಗ್ರಿಯಲ್ಲಿ ಮೂರು ಗಂಟೆ ಇಟ್ಟು, ನೇರಳೆ ಹರಳನ್ನು ಕರಗಿಸುವ ಡಿಎಂಎಸ್‌ಒ ದ್ರಾವಕ ಹಾಕಿದಾಗ ಎಡಗಡೆಯ ಬಾವಿಗಳು ಹಳದಿಯಾಗಿಯೇ ಉಳಿದಿದ್ದವು, ಬಲಕ್ಕೆ ಹೋದಂತೆ ನೇರಳೆ ಬಣ್ಣ ಗಾಢವಾಗುತ್ತಾ ಹೋಗಿತ್ತು. ಬದುಕಿರುವ ಕೋಶ ಮಾಡಬೇಕಾದ ಅಪಕರ್ಷಣವನ್ನು (ಎಂಟಿಟಿಯನ್ನು ನೇರಳೆಯಾಗಿಸುವ ರಾಸಾಯನಿಕ ಕ್ರಿಯೆಯನ್ನು) ಕಣವೇ ಮಾಡಿಬಿಟ್ಟಿತ್ತು. ಅಂದರೆ ಕೋಶಗಳು ಸತ್ತಿದ್ದರೂ ಬಣ್ಣ ಅಳೆಯುವ ಯಂತ್ರ ಬದುಕಿವೆ ಎಂದೇ ಹೇಳುತ್ತದೆ. ಇಂಗಾಲದ ನ್ಯಾನೊ ಕೊಳವೆಗಳಲ್ಲಿ ಇದಕ್ಕೆ ತದ್ವಿರುದ್ಧವಾಗಿ, ಅವು ಎಂಟಿಟಿಯಿಂದಾಗುವ ನೇರಳೆ ಫಾರ್ಮಜಾನ್ ಹರಳುಗಳನ್ನು ಹಿಡಿದುಕೊಂಡು ಇಲ್ಲದ ವಿಷತ್ವವನ್ನು ತೋರಿಸುತ್ತವೆ ಎಂಬುದನ್ನು ಜರ್ಮನಿಯ ಕಾರ್ಲ್ಸ್‌ರೂಹೆಯ ಗುಂಪು 2006ರಲ್ಲೇ ಪ್ರಕಟಿಸಿತ್ತು. ಆ ಪ್ಲೇಟಿಗೆ ನನಗೆ ತಗುಲಿದ ಖರ್ಚು ಸಾವಿರ ರೂಪಾಯಿಯೊಳಗೆ. ಜೊತೆಗೆ, ಜೈವಿಕ ತಂತ್ರಜ್ಞಾನ ಇಲಾಖೆ 2019ರಲ್ಲಿ ನ್ಯಾನೊ ಔಷಧಗಳಿಗೆ ಮತ್ತು 2020ರಲ್ಲಿ ನ್ಯಾನೊ ಕೃಷಿ ಒಳಸುರಿ ಹಾಗೂ ಆಹಾರಗಳಿಗೆ ಹೊರಡಿಸಿದ ಮಾರ್ಗಸೂಚಿಗಳನ್ನು ಉಲ್ಲೇಖಿಸಿ, ಅಳತೆಯೇ ಸುಳ್ಳಾದರೆ ಇವನ್ನು ಪಾಲಿಸುವುದು ಹೇಗೆ ಎಂದು ಕೇಳಿದ್ದೆ. ಪ್ರಸ್ತಾವವನ್ನು ಗೆಲ್ಲಿಸಿದ್ದು ಇವೆರಡೇ ಎಂದು ಇಂದಿಗೂ ನಂಬಿದ್ದೇನೆ.

ಬಣ್ಣವನ್ನು ನಂಬಲಾಗದಿದ್ದರೆ ಇನ್ನೇನು ಎಂಬುದಕ್ಕೆ ನನ್ನ ಉತ್ತರ ಹಳೆಯ ಕಾಲೊನಿ ಪರೀಕ್ಷೆ, ಅಂದರೆ ಒಂದೊಂದು ಕೋಶವೂ ಬೆಳೆದು ಕಟ್ಟುವ ಗುಂಪುಗಳನ್ನು ಎಣಿಸುವುದು. 1956ರಲ್ಲಿ ಅಮೆರಿಕದ ವಿಜ್ಞಾನಿಗಳಾದ ಪಕ್ ಮತ್ತು ಮಾರ್ಕಸ್ ಎಕ್ಸ್‌ಕಿರಣದ ಪರಿಣಾಮವನ್ನು ಅಳೆಯಲು ಬಳಸಿದ ವಿಧಾನವನ್ನು ನ್ಯಾನೊ ವಿಷಯಕ್ಕೆ ತರುವುದು ಹಿನ್ನಡೆಯಲ್ಲವೇ ಎಂದು ಪ್ರಯೋಗಾಲಯದ ಹಿರಿಯರೊಬ್ಬರು ಕೇಳಿದ್ದರು. ಎ549 ಎಂಬ ಮಾನವ ಶ್ವಾಸಕೋಶದ ಕೋಶಗಳನ್ನು ಬಾವಿಗೆ ಸುಮಾರು ಇನ್ನೂರರಂತೆ ಬಿತ್ತಿ, ಕಣಗಳನ್ನು ಕೊಟ್ಟು, ಒಂಬತ್ತು ಹತ್ತು ದಿನ ಕಾದು, ಕ್ರಿಸ್ಟಲ್ ವಯೊಲೆಟ್ ಎಂಬ ಬಣ್ಣ ಹಾಕಿ ಕಣ್ಣಿನಿಂದಲೇ ಎಣಿಸುವುದರಿಂದ, ಕಣದ ಕಪ್ಪು ಬಣ್ಣ ಯಾವ ಯಂತ್ರಕ್ಕೂ ಮೋಸ ಮಾಡುವುದಿಲ್ಲ. ಕಾಲೊನಿಗಳ ಸಂಖ್ಯೆ ಇಳಿದರೆ ಕೋಶಗಳು ಸತ್ತಿವೆ. ಸಂಖ್ಯೆ ಅಷ್ಟೇ ಇದ್ದು ಗಾತ್ರ ಕುಗ್ಗಿದರೆ ಬೆಳವಣಿಗೆ ನಿಧಾನವಾಗಿದೆ. ಈ ಎರಡರ ವ್ಯತ್ಯಾಸವನ್ನು ದುಬಾರಿ ಕಿಟ್‌ಗಳೂ ಇಷ್ಟು ಸ್ಪಷ್ಟವಾಗಿ ತೋರಿಸುವುದಿಲ್ಲ.

ಆದರೂ ಮೊದಲ ಆರು ತಿಂಗಳ ಫಲಿತಾಂಶ ಒಂದಕ್ಕೊಂದು ತಾಳೆಯಾಗಲಿಲ್ಲ. ಕಂಪನಿಯೊಂದರಿಂದ ತರಿಸಿದ ಗ್ರ್ಯಾಫೀನ್ ಆಕ್ಸೈಡಿನ ಒಂದು ಬಾಟಲಿ ಎಲ್ಲವನ್ನೂ ಕೊಲ್ಲುತ್ತಿತ್ತು, ಇನ್ನೊಂದು ಏನನ್ನೂ ಮಾಡುತ್ತಿರಲಿಲ್ಲ. ಕೊನೆಗೆ ಕಣಗಳನ್ನು ಅತಿವೇಗದ ಸೆಂಟ್ರಿಫ್ಯೂಜ್‌ನಲ್ಲಿ ಇಳಿಸಿ, ಮೇಲಿನ ತಿಳಿನೀರನ್ನು ಮಾತ್ರ ಕೋಶಗಳಿಗೆ ಕೊಟ್ಟು ನೋಡಿದೆ. ಮೊದಲ ಬಾಟಲಿಯ ತಿಳಿನೀರಿನಲ್ಲೂ ಕಾಲೊನಿ ಏಳಲಿಲ್ಲ. ಗ್ರ್ಯಾಫೀನ್ ಆಕ್ಸೈಡ್ ತಯಾರಿಸುವ ಹಮರ್ಸ್ ವಿಧಾನದಲ್ಲಿ ಪೊಟ್ಯಾಸಿಯಂ ಪರ್ಮಾಂಗನೇಟ್ ಬಳಸುವುದರಿಂದ, ಸರಿಯಾಗಿ ತೊಳೆಯದ ಸರಕಿನಲ್ಲಿ ಮ್ಯಾಂಗನೀಸ್ ಮತ್ತು ಆಮ್ಲ ಉಳಿದಿರುತ್ತವೆ. ವಾರಕ್ಕೂ ಹೆಚ್ಚು ಕಾಲ ಸಣ್ಣ ಅಣುಗಳನ್ನು ಮಾತ್ರ ಹೊರಬಿಡುವ ಡಯಾಲಿಸಿಸ್ ಚೀಲದಲ್ಲಿಟ್ಟು, ಬೆಳಿಗ್ಗೆ ಸಂಜೆ ನೀರು ಬದಲಿಸಿದ ಮೇಲೆ ಅದೇ ಬಾಟಲಿಯ ವಿಷತ್ವ ಕಾಲುಭಾಗಕ್ಕೆ ಇಳಿಯಿತು. ತಿಳಿನೀರಿನ ಹೋಲಿಕೆಯಿಲ್ಲದ ಪ್ರಬಂಧವನ್ನು ನಾನು ಈಗ ನಂಬುವುದಿಲ್ಲ.

ಹಣದಲ್ಲಿ ಹೆಚ್ಚು ನುಂಗಿದ್ದು ಕೋಶಗಳ ಪೋಷಣೆಗೆ ಮಾಧ್ಯಮಕ್ಕೆ ಬೆರೆಸುವ ಸೀರಂ (ರಕ್ತದ ತಿಳಿಭಾಗ). ಅರ್ಧ ಲೀಟರಿಗೆ 40 ಸಾವಿರದ ಆಸುಪಾಸು. ಕಣಗಳನ್ನು ನೋಡುವ ಎಲೆಕ್ಟ್ರಾನ್ ಸೂಕ್ಷ್ಮದರ್ಶಕಕ್ಕೆ (ಟಿಇಎಂ) ವರ್ಷವಿಡೀ 20 ಸಾವಿರದಷ್ಟಾಯಿತು, ಮ್ಯಾಂಗನೀಸ್ ಅಳೆಯಲು ಐಸಿಪಿ-ಎಂಎಸ್ ಎಂಬ ಯಂತ್ರಕ್ಕೆ ಅದರ ಅರ್ಧ. ಎಂಡೋಟಾಕ್ಸಿನ್ (ಬ್ಯಾಕ್ಟೀರಿಯಾದ ವಿಷ) ಪರೀಕ್ಷೆಗೆ ಬಣ್ಣ ಬರುವ ಕಿಟ್ ಬಿಟ್ಟು, ಜೆಲ್ ಗಟ್ಟಿಯಾಗುವ ಎಲ್‌ಎಎಲ್ ವಿಧಾನವನ್ನೇ ಆರಿಸಿದೆ. ಅಗ್ಗವೆಂಬುದು ಒಂದು ಕಾರಣ, ಕಪ್ಪು ಕಣ ಬೆಳಕಿಗೆ ಅಡ್ಡ ಬರುತ್ತದೆಂಬುದು ಅದಕ್ಕಿಂತ ಮುಖ್ಯ ಕಾರಣ. ಕ್ರಿಸ್ಟಲ್ ವಯೊಲೆಟ್ ಮಾತ್ರ ಒಮ್ಮೆ ಕೊಂಡದ್ದು ಇನ್ನೂ ಮುಗಿದಿಲ್ಲ.

ನಡುವೆ ಈರುಳ್ಳಿ ಬೇರಿನ ಪರೀಕ್ಷೆಯನ್ನೂ ಮಾಡಿದೆ. ತೊಳೆಯದ ಸರಕಿನಲ್ಲಿ ಬೇರು ಮೊಟಕಾಯಿತು, ತೊಳೆದದ್ದರಲ್ಲಿ ಮಾಮೂಲಿನಂತೆ ಇಳಿಯಿತು. ಆದರೆ ಸಂತೆಯ ಈರುಳ್ಳಿಯಲ್ಲಿ ಗಡ್ಡೆಯಿಂದ ಗಡ್ಡೆಗೆ ಬೇರಿನ ಉದ್ದ ಎಷ್ಟು ಬದಲಾಗುತ್ತದೆಂದರೆ, ಅದನ್ನು ಪ್ರಬಂಧಕ್ಕೆ ಸೇರಿಸುವ ಧೈರ್ಯ ಬರಲಿಲ್ಲ. ಒಂದೇ ಹೊಲದ, ಒಂದೇ ತಳಿಯ ಗಡ್ಡೆ ಸಿಕ್ಕರೆ ಮತ್ತೆ ಮಾಡುತ್ತೇನೆ.

ಸೀರಂ ಇದ್ದರೆ ಅದರ ಪ್ರೋಟೀನ್ ಕಣವನ್ನು ಮುಚ್ಚಿ ವಿಷತ್ವವನ್ನು ತಗ್ಗಿಸುತ್ತದೆ, ಇಲ್ಲದಿದ್ದರೆ ಮಾಧ್ಯಮದ ಲವಣಕ್ಕೆ ಕಣ ಗಂಟುಕಟ್ಟುತ್ತದೆ. ಈ ಎರಡರ ನಡುವೆ ನಾನು ಹಿಡಿದ ದಾರಿ, ಅಂದರೆ ಎಷ್ಟು ಸೀರಂ, ಸೋನಿಕೇಷನ್ನಿನ (ಶಬ್ದತರಂಗಗಳಿಂದ ಕಣಗಳನ್ನು ಚದುರಿಸುವುದರ) ಯಾವ ಹಂತದಲ್ಲಿ, ಎಂಬುದನ್ನು ಪ್ರಬಂಧ ಅಚ್ಚಾಗುವವರೆಗೆ ಇಲ್ಲಿ ಹೇಳಲಾರೆ. ಅದರಿಂದಾಗಿ ಒಂದೇ ಸರಕಿನ ಮೂರು ಪುನರಾವರ್ತನೆಗಳು ಈಗ ಶೇಕಡ ಹತ್ತರೊಳಗಿನ ವ್ಯತ್ಯಾಸದಲ್ಲಿ ಬರುತ್ತಿವೆ ಎಂಬುದನ್ನಷ್ಟೇ ಹೇಳುತ್ತೇನೆ. ಹಿನ್ನಡೆಯಲ್ಲವೇ ಎಂದು ಕೇಳಿದ್ದ ಹಿರಿಯರು ಕಳೆದ ತಿಂಗಳು ತಮ್ಮ ವಿದ್ಯಾರ್ಥಿಯನ್ನು ಕಾಲೊನಿ ಎಣಿಕೆ ಕಲಿಯಲು ನನ್ನ ಬಳಿಗೆ ಕಳುಹಿಸಿದರು. ಎ549 ಕ್ಯಾನ್ಸರ್ ಕೋಶವಾದ್ದರಿಂದ, ಎರಡನೆಯ ವರ್ಷದಲ್ಲಿ ಉಳಿದ ಹಣವನ್ನು ಕ್ಯಾನ್ಸರ್ ಅಲ್ಲದ ಬೀಸ್-2ಬಿ ಶ್ವಾಸನಾಳದ ಕೋಶಗಳಿಗೆ ಮೀಸಲಿಟ್ಟಿದ್ದೇನೆ.