ಅಣಬೆ ಕೀಳುವಾಗ ಬುಡ ನೋಡಿ

ಗುಡುಗು-ಮಳೆ ಬಿದ್ದು ಮಲೆನಾಡು, ಕರಾವಳಿ ಕಡೆ ಅಣಬೆ ಏಳುವ ಹೊತ್ತು. ಒಂದು ವಿನಂತಿ: ಮೇಲಿಂದ ಮುರಿಯಬೇಡಿ, ಸುತ್ತಲಿನ ಮಣ್ಣು ಕೆದಕಿ ಬುಡಸಮೇತ ತೆಗೆಯಿರಿ. ಮುಖ್ಯ ಗುರುತು ಇರುವುದು ಮಣ್ಣೊಳಗೇ. ತಿನ್ನಲು ಕೀಳುವ ಹುತ್ತದ ಅಣಬೆಗೆ ಕೊಡೆಯ ನಡುವೆ ಮೊನೆ, ಕೆಳಗೆ ಗೆದ್ದಲುಗೂಡಿನತ್ತ ಇಳಿಯುವ ಬೇರಿನಂಥ ಉದ್ದ ಬಾಲ. ಬುಡದಲ್ಲಿ ಚೀಲದಂಥ ಪೊರೆಯೋ ದಂಟಿಗೆ ಉಂಗುರವೋ ಕಂಡರೆ ಅಲ್ಲೇ ಬಿಡಿ. ಜೀವ ತೆಗೆಯುವ ಅಮಾನಿಟಾ ಅಣಬೆಗಳ ಲಕ್ಷಣ ಅದು.

ಹುಲ್ಲಿನ ನಡುವೆ ಬರುವ ಕ್ಲೋರೋಫಿಲಮ್ ಎಂಬ ದೊಡ್ಡ ಬಿಳಿ ವಿಷದ ಅಣಬೆ ಬಹಳ ಜನರನ್ನು ಏಮಾರಿಸುತ್ತದೆ. ತಿಂದರೆ ವಿಪರೀತ ವಾಂತಿ-ಭೇದಿ. ಬಲಿತ ಕೊಡೆಯನ್ನು ಬಿಳಿ ಕಾಗದದ ಮೇಲಿಟ್ಟು, ಪಾತ್ರೆ ಮುಚ್ಚಿ ರಾತ್ರಿಯಿಡೀ ಬಿಡಿ. ಹಸಿರು ಪುಡಿ ಉದುರಿದ್ದರೆ ಎಸೆಯಿರಿ. ಹುತ್ತದ ಅಣಬೆಯ ಪುಡಿಗೆ ತಿಳಿ ಗುಲಾಬಿ ಛಾಯೆ.

ಬೆಳ್ಳಿ ಚಮಚ, ಬೆಳ್ಳುಳ್ಳಿ ಕಪ್ಪಾಗುವ ಪರೀಕ್ಷೆಗಳನ್ನು ದಯವಿಟ್ಟು ನಂಬಬೇಡಿ. ಅಮಾನಿಟಾದ ಮಾರಕ ವಿಷ ಕುದಿಸಿದರೂ ಹೋಗದು; ಸಾಮಾನ್ಯವಾಗಿ 6ರಿಂದ 12 ಗಂಟೆ ಏನೂ ತೋರಿಸದೆ, ಆಮೇಲೆ ಲಿವರ್ ಕೆಡಿಸುತ್ತದೆ. ಎಲ್ಲ ಗುರುತು ಹೊಂದಿದರೂ, ವರ್ಷವೂ ಕಿತ್ತು ತಿನ್ನುವ ಊರಿನ ಹಿರಿಯರಿಗೆ ತೋರಿಸದೆ ಒಲೆಗಿಡಬೇಡಿ. ಫೋಟೋ ನೋಡಿ ‘ತಿನ್ನಬಹುದು’ ಎಂದು ಯಾರೂ ಹೇಳುವುದೂ ಬೇಡ. ಅಡುಗೆಗೆ ಮೊದಲು ಒಂದು ಅಣಬೆಯನ್ನು ಹಸಿಯಾಗೇ ಕಾಗದದಲ್ಲಿ ಸುತ್ತಿ ತೆಗೆದಿಡಿ. ಹೊಟ್ಟೆ ಕೆಟ್ಟರೆ ಆಸ್ಪತ್ರೆಗೆ ಅದನ್ನೂ ಒಯ್ಯಿರಿ.